ಟೂರ್ ಬೈಕ್‌ಗೆ ಹೊಸ ಹ್ಯಾಂಡಲ್ ಹಾಕಿಸ್ತೀರಾ? ಲುಕ್ ಆಮೇಲೆ, ಮೊದಲು ಕೈ ಮತ್ತು ಕೇಬಲ್ ನೋಡ್ಕೊಳ್ಳಿ

ಚಿಕ್ಕಮಗಳೂರು: ವೀಕೆಂಡ್ ಬಂತು ಅಂದ್ರೆ ಕೈಮರ ಚೆಕ್‌ಪೋಸ್ಟ್ ಹತ್ರ ಬೈಕ್‌ಗಳ ಸಾಲು. ಬೆಂಗಳೂರಿನಿಂದ ಸುಮಾರು 250 ಕಿ.ಮೀ. ಓಡಿಸಿಕೊಂಡು ಬಂದ ಹುಡುಗರು ಹೆಲ್ಮೆಟ್ ತೆಗೆಯೋಕೂ ಮೊದಲು ಮಾಡೋ ಕೆಲಸ ಒಂದೇ, ಎರಡೂ ಕೈ ಕೊಡವೋದು. ಬೆರಳಿಗೆ ಜೋಮು, ಮಣಿಕಟ್ಟಲ್ಲಿ ನೋವು, ಕತ್ತಿನ ಹಿಂದೆ ಕಲ್ಲು ಹೇರಿದ ಹಾಗೆ ಭಾರ. ಆಮೇಲೆ ಶುರುವಾಗುತ್ತೆ ಮಾತು: "ಹ್ಯಾಂಡಲ್ ಚೇಂಜ್ ಮಾಡಿಸ್ಬೇಕು ಮಗಾ."

ಮಾಡಿಸಿ, ತಪ್ಪಿಲ್ಲ. ಆದರೆ ನಾನು ಮಾಡಿಸಿದ ಹಾಗೆ ಮಾತ್ರ ಮಾಡಿಸಬೇಡಿ.

ನನ್ನದು ಸೆಕೆಂಡ್ ಹ್ಯಾಂಡ್ ಬೈಕ್. ಸುದ್ದಿ ಅಂತ ಕಡೂರು, ತರೀಕೆರೆ, ಕೊಪ್ಪ, ಶೃಂಗೇರಿ ಸುತ್ತೋನಿಗೆ ದಿನಕ್ಕೆ ನೂರೈವತ್ತು ಕಿ.ಮೀ. ಮಾಮೂಲಿ. ಕೈ ನೋಯ್ತಿದೆ ಅಂತ ಮೊಬೈಲಲ್ಲಿ ಫೋಟೋ ನೋಡಿ, ಎತ್ತರದ ಒಂದು ಹ್ಯಾಂಡಲ್ ತರಿಸಿ ಹಾಕಿಸಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗೀತು, ಕೇಬಲ್ ಎಲ್ಲಾ ಹಳೇದೇ. ಮಳೆಗಾಲದಲ್ಲಿ ಒಂದು ದಿನ ಚಾರ್ಮಾಡಿ ಘಾಟಿಯಲ್ಲಿ ಮರ ಬಿದ್ದಿದೆ ಅಂತ ಫೋನ್ ಬಂತು. ಕೊಟ್ಟಿಗೆಹಾರ ದಾಟಿ ಸ್ವಲ್ಪ ಕೆಳಗಿಳಿಯೋ ಹೊತ್ತಿಗೆ ರೋಡ್ ಪೂರ್ತಿ ಬ್ಲಾಕ್. ವಾಪಸ್ ತಿರುಗಿಸೋಣ ಅಂತ ಹ್ಯಾಂಡಲ್ ಪೂರ್ತಿ ಎಡಕ್ಕೆ ಎಳೆದಿದ್ದೇ ತಡ, ಎಂಜಿನ್ ಕಿರುಚಿಕೊಳ್ತು. ನಾನು ರೇಸ್ ಕೊಟ್ಟೇ ಇರಲಿಲ್ಲ. ಬೈಕ್ ತಾನೇ ಮುಂದೆ ಹಾರಿ ತಡೆಗೋಡೆಗೆ ಗುದ್ದಿ ನಿಂತಿತು. ಗೋಡೆ ಆಚೆ ಬರೀ ಮಂಜು. ಹಿಂದೆ ನಿಂತಿದ್ದ ಲಾರಿ ಡ್ರೈವರ್ ಇಳಿದು ಬಂದು, "ಏನ್ ಮಾರಾಯ, ಕೆಳಗೆ ಯಾರಾದ್ರೂ ನೆಂಟರಿದ್ದಾರಾ?" ಅಂದ.

ಆಗಿದ್ದು ಇಷ್ಟೇ. ಹ್ಯಾಂಡಲ್ ಎತ್ತರ ಆಯ್ತು, ಆಕ್ಸಿಲರೇಟರ್ ಕೇಬಲ್ ಅಷ್ಟೇ ಉದ್ದ ಉಳೀತು. ನೇರ ಹೋಗುವಾಗ ಏನೂ ಗೊತ್ತಾಗಲ್ಲ. ಪೂರ್ತಿ ತಿರುಗಿಸಿದಾಗ ಕೇಬಲ್ ಬಿಗಿದು, ನಾವು ಮುಟ್ಟದೇ ಇದ್ರೂ ಅದೇ ರೇಸ್ ಎಳೆಯುತ್ತೆ. ಈ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಕೈ ಯಾಕೆ ನೋಯುತ್ತೆ ಅಂತ ನೋಡೋಣ.

ಹ್ಯಾಂಡಲ್ ಬಗ್ಗೆ ಮಾತಾಡುವಾಗ ಮೂರು ಅಳತೆ ಮುಖ್ಯ. ಒಂದು ಅಗಲ, ಈ ತುದಿಯಿಂದ ಆ ತುದಿಗೆ. ಎರಡನೇದು ರೈಸ್, ಅಂದರೆ ಕ್ಲಾಂಪ್ ಹಿಡಿದಿರೋ ಜಾಗಕ್ಕಿಂತ ಗ್ರಿಪ್ ಎಷ್ಟು ಮೇಲಿದೆ ಅನ್ನೋದು. ಮೂರನೇದು ಪುಲ್‌ಬ್ಯಾಕ್, ಗ್ರಿಪ್ ನಮ್ಮ ಕಡೆಗೆ ಎಷ್ಟು ಹಿಂದಕ್ಕೆ ಬಂದಿದೆ ಅನ್ನೋದು. ಜನ ನೋಡೋದು ಎತ್ತರ ಮಾತ್ರ. ನಿಜವಾಗಿ ಹೆಚ್ಚಿನವರಿಗೆ ಬೇಕಿರೋದು ಒಂದಿಂಚು ಹಿಂದಕ್ಕೆ, ಒಂದಿಂಚು ಮೇಲಕ್ಕೆ, ಅಷ್ಟೇ.

ಹ್ಯಾಂಡಲ್ ಎಷ್ಟು ವ್ಯತ್ಯಾಸ ಮಾಡುತ್ತೆ ಅಂತ ನೋಡಬೇಕಾದ್ರೆ ರಾಯಲ್ ಎನ್‌ಫೀಲ್ಡ್‌ನ ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650 ಎರಡರ ಮೇಲೂ ಒಮ್ಮೆ ಕೂತು ನೋಡಿ. 2018ರಲ್ಲಿ ಜೊತೆಗೇ ಬಿಡುಗಡೆ ಆದ ಬೈಕ್‌ಗಳು, ಎರಡಕ್ಕೂ ಅದೇ 648 ಸಿಸಿ ಎಂಜಿನ್. ಇಂಟರ್‌ಸೆಪ್ಟರ್‌ಗೆ ಎತ್ತರದ ಅಗಲ ಹ್ಯಾಂಡಲ್, ಬೆನ್ನು ನೆಟ್ಟಗೆ ಇಟ್ಟು ಕೂರಬಹುದು. ಜಿಟಿಗೆ ಕೆಳಗಿರೋ ಕ್ಲಿಪ್-ಆನ್ ಹ್ಯಾಂಡಲ್, ಫುಟ್‌ರೆಸ್ಟ್ ಕೂಡ ಹಿಂದಕ್ಕಿದೆ, ಹಾಗಾಗಿ ಮೈ ಮುಂದಕ್ಕೆ ಬಾಗುತ್ತೆ. ಎಂಜಿನ್ ಒಂದೇ ಆದ್ರೂ ಸಂಜೆ ಹೊತ್ತಿಗೆ ಮಣಿಕಟ್ಟು ಹೇಳೋ ಕಥೆ ಬೇರೆ.

ಹ್ಯಾಂಡಲ್ ತೀರಾ ತಗ್ಗಾಗಿದ್ದರೆ, ಇಲ್ಲಾ ದೂರ ಇದ್ದರೆ, ಮೇಲ್ಮೈ ಭಾರ ಎಲ್ಲಾ ಅಂಗೈ ಮೇಲೆ ಬೀಳುತ್ತೆ. ಅಂಗೈಯಲ್ಲಿ ನರ ಒತ್ತಿದಾಗ ಬೆರಳಿಗೆ ಜೋಮು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಕಿರುಬೆರಳ ಬದಿಯ ಅಂಗೈ ಅಂಚಲ್ಲಿ ಒತ್ತಡ ಜಾಸ್ತಿ ಅಂತ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಅಂದ್ರೆ ಬಹುತೇಕ ಮಣಿಕಟ್ಟು ಮಡಚಿಕೊಂಡಿದೆ ಅಂತ. ಬೈಕಿಂದ ಇಳಿದು ಮಾರನೇ ದಿನಕ್ಕೂ ಜೋಮು ಹೋಗದಿದ್ರೆ ಮೆಕ್ಯಾನಿಕ್ ಬಿಡಿ, ಡಾಕ್ಟರ್ ಹತ್ರ ಹೋಗಿ.

ಹಾಗಂತ ಎತ್ತರ ಜಾಸ್ತಿ ಆದ್ರೆ ಸುಖ ಅಂದ್ಕೊಬೇಡಿ. ಕೈ ಮೇಲಿದ್ದಷ್ಟೂ ಹೆಗಲು ಎತ್ತಿ ಹಿಡಿಯಬೇಕು, ಗಂಟೆ ಕಳೆದರೆ ಕತ್ತು ಬಿಗಿಯುತ್ತೆ. ಎದೆ ಬಿಚ್ಚಿ ಕೂತಾಗ 80-90 ಸ್ಪೀಡಲ್ಲಿ ಗಾಳಿ ಹಿಂದಕ್ಕೆ ತಳ್ಳುತ್ತೆ, ಅದನ್ನ ತಡೆಯೋಕೆ ಹ್ಯಾಂಡಲ್ ಇನ್ನೂ ಗಟ್ಟಿ ಹಿಡೀತೀವಿ. ಮೈಭಾರ ಪೂರ್ತಿ ಸೊಂಟಕ್ಕೆ ಇಳಿದಿರುತ್ತೆ, ಗುಂಡಿ ಸಿಕ್ಕಿದಾಗೆಲ್ಲ ಏಟು ನೇರ ಬೆನ್ನುಮೂಳೆಗೆ. ನಮ್ಮ ರೋಡ್‌ಗಳಲ್ಲಿ ಗುಂಡಿ ಎಷ್ಟು ಸಿಗುತ್ತೆ ಅಂತ ನಾನು ಹೇಳಬೇಕಾ?

ಅಗಲದ ಲೆಕ್ಕ ಹೀಗೆ. ಅಗಲ ಇದ್ದಷ್ಟೂ ಘಾಟಿ ತಿರುವಲ್ಲಿ, ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಬೈಕ್ ಸಲೀಸಾಗಿ ತಿರುಗುತ್ತೆ. ಆದರೆ ತೀರಾ ಅಗಲ ಆದ್ರೆ ಪೂರ್ತಿ ತಿರುಗಿಸಿದಾಗ ಆಚೆ ಕೈಗೆ ಗ್ರಿಪ್ ಎಟುಕಲ್ಲ.

ಈಗ ದುಡ್ಡು ಖರ್ಚಿಲ್ಲದ ಕೆಲಸ. ಹೊಸದು ಕೊಳ್ಳೋ ಮೊದಲು ಇರೋ ಹ್ಯಾಂಡಲನ್ನೇ ಕ್ಲಾಂಪ್ ಸಡಿಲ ಮಾಡಿ ಸ್ವಲ್ಪ ಹಿಂದಕ್ಕೋ ಮುಂದಕ್ಕೋ ತಿರುಗಿಸಿ ನೋಡಿ. ಆಮೇಲೆ ಕ್ಲಚ್, ಬ್ರೇಕ್ ಲಿವರ್. ಸುಮಾರು ಬೈಕ್‌ಗಳಲ್ಲಿ ಲಿವರ್ ಮೇಲಕ್ಕೆ ನಿಂತಿರುತ್ತೆ, ಬೆರಳು ಹಾಕೋಕೆ ಮಣಿಕಟ್ಟು ಹಿಂದಕ್ಕೆ ಮಡಚಬೇಕು. ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬರೋ ಹಾಗೆ ಲಿವರ್ ಕೆಳಕ್ಕೆ ಇಳಿಸಿ. ಅರ್ಧ ಜನರ ನೋವು ಇಲ್ಲೇ ಮುಗಿಯಬಹುದು ಅಂತ ನನ್ನ ಅಂದಾಜು. ನನಗೆ ಇದನ್ನ ಹೇಳಿಕೊಟ್ಟ ಮೆಕ್ಯಾನಿಕ್ ಅಣ್ಣ ಒಂದು ಟೀ ಬಿಟ್ಟು ಬೇರೇನೂ ತಗೊಳ್ಳಲಿಲ್ಲ.

ಆಮೇಲೂ ಸರಿ ಹೋಗಲಿಲ್ವಾ? ಬೈಕ್ ಸೆಂಟರ್ ಸ್ಟ್ಯಾಂಡ್ ಹಾಕಿ, ಇಲ್ಲಾ ಯಾರಿಗಾದ್ರೂ ಹಿಡಿಯೋಕೆ ಹೇಳಿ, ಟೂರ್ ಹೋಗುವಾಗ ಹಾಕೋ ಜಾಕೆಟ್ ಹಾಕಿಕೊಂಡೇ ಕೂತ್ಕೊಳ್ಳಿ. ಕಣ್ಣು ಮುಚ್ಚಿ, ಹೆಗಲು ಸಡಿಲ ಬಿಟ್ಟು, ಮೊಣಕೈ ಸ್ವಲ್ಪ ಬಾಗಿಸಿ ಕೈ ಮುಂದೆ ಚಾಚಿ. ಕೈ ಎಲ್ಲಿ ನಿಲ್ಲುತ್ತೋ ಗ್ರಿಪ್ ಅಲ್ಲಿರಬೇಕು. ಪಕ್ಕದಿಂದ ಒಬ್ಬರು ಫೋಟೋ ತೆಗೀಲಿ. ಈಗಿನ ಗ್ರಿಪ್‌ಗೂ ನಿಮ್ಮ ಕೈಗೂ ಎಷ್ಟು ಅಂತರ ಅಂತ ಟೇಪ್ ಹಿಡಿದು ಅಳೀರಿ. ಅಂಗಡಿಗೆ ಆ ಅಳತೆ ತಗೊಂಡು ಹೋಗಿ, ಫೋಟೋ ಅಲ್ಲ.

ಅಂತರ ಒಂದಿಂಚಿನ ಒಳಗಿದ್ದರೆ ಹ್ಯಾಂಡಲೇ ಬೇಡ, ಕ್ಲಾಂಪ್ ಕೆಳಗೆ ಹಾಕೋ ರೈಸರ್ ಸಾಕಾಗುತ್ತೆ. ಅದಕ್ಕಿಂತ ಜಾಸ್ತಿ ಬೇಕು ಅಂದ್ರೆ ಹೊಸ ಹ್ಯಾಂಡಲ್. ಆಗ ಪೈಪಿನ ದಪ್ಪ ನೋಡಲೇಬೇಕು. ನಮ್ಮಲ್ಲಿ ಹೆಚ್ಚಿನ ಬೈಕ್‌ಗಳದ್ದು 22 ಮಿ.ಮೀ., ಕೆಲವು ಕ್ರೂಸರ್‌ಗಳಲ್ಲಿ 25.4 ಮಿ.ಮೀ. ಕೆಟಿಎಂ 390 ಅಡ್ವೆಂಚರ್‌ನಂಥ ಬೈಕ್‌ಗಳಲ್ಲಿ ಮಧ್ಯ ದಪ್ಪ, ತುದಿ ಸಣ್ಣ ಇರೋ ಹ್ಯಾಂಡಲ್ ಬರುತ್ತೆ. ಈ ಜಾತಿಯದ್ದು ಸಾಮಾನ್ಯವಾಗಿ ಕ್ಲಾಂಪ್ ಹತ್ರ 28.6, ಗ್ರಿಪ್ ಹತ್ರ 22. ದಪ್ಪ ಹೊಂದದೇ ಇದ್ದಾಗ ತಗಡಿನ ಚೂರು ಸುತ್ತಿ ಕ್ಲಾಂಪ್ ಬಿಗಿಯೋರು ಇದ್ದಾರೆ. ಒಪ್ಪಬೇಡಿ. ಬ್ರೇಕ್ ಹಿಡಿದಾಗ ಹ್ಯಾಂಡಲ್ ಕ್ಲಾಂಪಲ್ಲೇ ತಿರುಗಿಬಿಟ್ಟರೆ ಮುಗೀತು. ಬಿದ್ದು ಸೊಟ್ಟಗಾದ ಹ್ಯಾಂಡಲನ್ನ ಕಾಯಿಸಿ ನೆಟ್ಟಗೆ ಮಾಡೋದೂ ಬೇಡ, ಅದರಲ್ಲೂ ಅಲ್ಯೂಮಿನಿಯಂ ಆದ್ರೆ ಖಂಡಿತ ಬೇಡ, ಒಳಗೆ ಬಿರುಕು ಬಿಟ್ಟಿದ್ರೆ ಹೊರಗೆ ಕಾಣಲ್ಲ. ಇನ್ನು ಸ್ವಿಚ್ ಬಾಕ್ಸ್ ಕೂರೋಕೆ ಪೈಪಲ್ಲಿ ತೂತು ಬೇಕಾಗುತ್ತೆ. ತೂತು ಮೊದಲೇ ಇರೋ, ನಿಮ್ಮ ಮಾಡೆಲ್‌ಗೇ ಮಾಡಿದ ಹ್ಯಾಂಡಲ್ ಸಿಕ್ಕರೆ ನೂರಿನ್ನೂರು ಜಾಸ್ತಿ ಆದ್ರೂ ಅದೇ ತಗೊಳ್ಳಿ.

ಬರೀ ಅದುರುವಿಕೆಯಿಂದ ಜೋಮು ಹಿಡೀತಿದ್ರೆ ತುದಿಗೆ ಹಾಕೋ ಬಾರ್ ಎಂಡ್ ತೂಕ, ಮೆತ್ತನೆ ಗ್ರಿಪ್ ಟ್ರೈ ಮಾಡಿ. ಗ್ರಿಪ್ ತೀರಾ ದಪ್ಪ ಆದ್ರೆ ಸಣ್ಣ ಕೈಯವರಿಗೆ ಅದೇ ನೋವಾಗುತ್ತೆ.

ಈಗ ಚಾರ್ಮಾಡಿ ವಿಷಯ. ಫಿಟ್ಟಿಂಗ್ ಆದ ಮೇಲೆ ಅಂಗಡಿ ಮುಂದೆಯೇ, ದುಡ್ಡು ಕೊಡೋಕೂ ಮುಂಚೆ ಬೈಕ್ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ರೇಸ್ ಮುಟ್ಟದೆ ಹ್ಯಾಂಡಲನ್ನ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ನಿಧಾನ ತಿರುಗಿಸಿ. ಎಂಜಿನ್ ಸದ್ದು ಒಂಚೂರು ಏರಿದರೂ ಕೇಬಲ್ ಗಿಡ್ಡ ಆಗಿದೆ, ಇಲ್ಲಾ ಎಲ್ಲೋ ಸಿಕ್ಕಿಕೊಂಡಿದೆ ಅಂತ ಅರ್ಥ. ಉದ್ದದ ಕೇಬಲ್ ಹಾಕಿಸದೆ ಹೊರಡಬೇಡಿ. ರೇಸ್ ತಿರುಗಿಸಿ ಬಿಟ್ಟರೆ ಟಪ್ ಅಂತ ವಾಪಸ್ ಬರಬೇಕು, ಎರಡೂ ಕಡೆ ತಿರುಗಿಸಿದಾಗಲೂ. ಕ್ಲಚ್ ಲಿವರ್ ತುದಿಯಲ್ಲಿ ಸ್ವಲ್ಪ ಆಟ ಉಳಿದಿರಬೇಕು, ಇಲ್ಲದಿದ್ರೆ ಕ್ಲಚ್ ಪ್ಲೇಟ್ ಸವೆಯುತ್ತೆ. ಮುಂದಿನ ಬ್ರೇಕ್ ಹೋಸ್ ಎಲ್ಲೂ ಬಿಗಿದಿರಬಾರದು. ಅದನ್ನ ಬದಲಿಸಿದ್ರೆ ಒಳಗಿನ ಗಾಳಿ ತೆಗೆಸಲೇಬೇಕು, ಎಬಿಎಸ್ ಬೈಕ್ ಆದ್ರೆ ಗೊತ್ತಿರೋರ ಕೈಲೇ ಮಾಡಿಸಿ. ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲ್‌ಗೂ ಮಧ್ಯೆ ಸಿಕ್ಕುತ್ತಾ ಅಂತಲೂ ನೋಡಿ. ಇದಿಷ್ಟಕ್ಕೆ ಐದು ನಿಮಿಷ ಸಾಕು.

ಪೊಲೀಸರು ಹಿಡೀತಾರಾ ಅಂತ ಸುಮಾರು ಜನ ಕೇಳ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮೂಲತಃ ನಿಗದಿ ಮಾಡಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಇದೆ. ಬೈಕ್ ಕಂಪನಿಯೇ ನಿಮ್ಮ ಮಾಡೆಲ್‌ಗೆ ಅಂತ ಮಾರೋ ಹ್ಯಾಂಡಲ್, ಬಿಲ್ ಸಮೇತ ಇದ್ದರೆ ಕೇಳಿದಾಗ ತೋರಿಸೋಕೆ ಒಂದು ದಾಖಲೆ ಇರುತ್ತೆ. ತಲೆಗಿಂತ ಎತ್ತರದ ಹ್ಯಾಂಡಲ್ ಹಾಕಿಕೊಂಡು ಚೆಕ್‌ಪೋಸ್ಟಲ್ಲಿ ವಾದ ಮಾಡೋರಿಗೆ ನಾನೇನೂ ಹೇಳಲ್ಲ. ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್ ಕ್ಲೇಮ್‌ನಲ್ಲೂ ಈ ಪ್ರಶ್ನೆ ಬರಬಹುದು, ಮೊದಲೇ ತಿಳಿಸಿಬಿಡಿ.

ಹೊಸ ಹ್ಯಾಂಡಲ್ ಹಾಕಿಸಿದ ಮಾರನೇ ದಿನವೇ ದೊಡ್ಡ ಟೂರ್ ಇಟ್ಕೊಬೇಡಿ. ಐವತ್ತು-ನೂರು ಕಿ.ಮೀ. ಊರ ಸುತ್ತಮುತ್ತ ಓಡಿಸಿ, ಕ್ಲಾಂಪ್ ಬೋಲ್ಟ್‌ಗಳನ್ನ ಇನ್ನೊಮ್ಮೆ ಚೆಕ್ ಮಾಡಿಸಿ. ಹಳೇ ಹ್ಯಾಂಡಲನ್ನ ಗುಜರಿಗೆ ಹಾಕಬೇಡಿ. ನಾನು ಹಾಕಿರಲಿಲ್ಲ, ಹಾಗಾಗಿ ಚಾರ್ಮಾಡಿಯಿಂದ ಬಂದ ವಾರದಲ್ಲೇ ಅದು ಮತ್ತೆ ಬೈಕ್ ಏರಿತು. ಈಗ ಅದೇ ಇದೆ, ಕೆಳಗೆ ಒಂದು ರೈಸರ್, ಲಿವರ್ ಸ್ವಲ್ಪ ಕೆಳಕ್ಕೆ. ಎತ್ತರದ್ದು ಅಟ್ಟದ ಮೇಲಿದೆ, ಅಮ್ಮ ಅದಕ್ಕೆ ಕಾಫಿ ಚೀಲ ನೇತುಹಾಕಿದ್ದಾರೆ.