ಜನವಾಡದಿಂದ ಮೋರಖಂಡಿಯ ಹೊಲಕ್ಕೆ

ಶರಣರ ಕಾಯಕಭೂಮಿಯಾದ ಬಸವಕಲ್ಯಾಣಕ್ಕೆ ಹೋಗಿಬರುವ ನಮ್ಮ ವಾಚಕರಲ್ಲಿ ಅನೇಕರು ಮೋರಖಂಡಿಯ ಹೆಸರನ್ನು ಕೇಳಿರುತ್ತಾರೆ. ರಾಷ್ಟ್ರಕೂಟರ ಶಾಸನಗಳಲ್ಲಿ ಬರುವ ಮಯೂರಖಂಡಿಯು ಇದೇ ಗ್ರಾಮವೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ. ಅರಸರ ಕಥೆ ಹಾಗಿರಲಿ. ನಾವಿಲ್ಲಿ ಹೇಳಹೊರಟಿರುವುದು ಆ ಸೀಮೆಯ ತೊಗರಿ ಹೊಲದ ಮಾತನ್ನು.

ಮಿರಗದ ಮಳೆ ಬಿದ್ದೊಡನೆ ಒಕ್ಕಲಿಗನ ಮನೆಯಲ್ಲಿ ಬೀಜದ ಚೀಲ ಹೊರಬರುತ್ತದೆ. ಆ ಬೀಜವನ್ನು ಕುರಿತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆದೇ ಇದೆ. ಬೆಂಗಳೂರಿನಲ್ಲಿ 1964ರಲ್ಲಿಯೂ, ಧಾರವಾಡದಲ್ಲಿ 1986ರಲ್ಲಿಯೂ ಕೃಷಿ ವಿಶ್ವವಿದ್ಯಾಲಯಗಳು ಸ್ಥಾಪನೆಗೊಂಡವು. ನಮ್ಮ ಭಾಗಕ್ಕೆಂದೇ ರಾಯಚೂರಿನ ವಿಶ್ವವಿದ್ಯಾಲಯವು 2009ರಲ್ಲಿ ಕಾರ್ಯಾರಂಭ ಮಾಡಿತು. ಅದರ ಕೃಷಿ ವಿಜ್ಞಾನ ಕೇಂದ್ರವು ಬೀದರ ಸಮೀಪದ ಜನವಾಡದಲ್ಲಿದೆ. ಸುಧಾರಿತ ಬೇಸಾಯ ಕ್ರಮಗಳ ಪುಸ್ತಕ ಅಚ್ಚಾಗುತ್ತದೆ, ಕೃಷಿ ಮೇಳ ಜರುಗುತ್ತದೆ, ಕಲಬುರಗಿ ಆಕಾಶವಾಣಿಯೂ ರೈತರಿಗಾಗಿ ಮಾತನಾಡುತ್ತದೆ. ಆದರೆ ಜನವಾಡಕ್ಕೂ ಮೋರಖಂಡಿಗೂ ನಡುವೆ ಔಷಧ ಮಾರುವ ಅಂಗಡಿಯಿದೆ. ಹುಳು ಬಿದ್ದ ದಿನ ರೈತನು ಮೊದಲು ಹೋಗುವುದು ಅಲ್ಲಿಗೇ. ಸಾಲ ಕೊಡುವವನೂ ಸಲಹೆ ಕೊಡುವವನೂ ಒಬ್ಬನೇ ಆದರೆ ಆ ಸಲಹೆಯು ಎತ್ತ ವಾಲುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಇದರ ಬೆಲೆಯನ್ನು ನಮ್ಮ ಜನ ತೆತ್ತಿದ್ದಾರೆ. 1997-98ರ ಹಂಗಾಮಿನಲ್ಲಿ ಬೀದರ ಮತ್ತು ಕಲಬುರಗಿ ಜಿಲ್ಲೆಗಳ ತೊಗರಿಯು ಕಾಯಿಕೊರಕದ ಬಾಧೆಗೆ ತುತ್ತಾಯಿತು. ಮೇಲಿಂದ ಮೇಲೆ ಸಿಂಪಡಿಸಿದ ವಿಷಗಳನ್ನು ಆ ಹುಳು ತಾಳಿಕೊಳ್ಳುವಷ್ಟು ಬಲಿತಿತ್ತು. ಬೆಳೆ ಹೋಯಿತು, ಸಾಲ ಉಳಿಯಿತು. ರೈತರು ಪ್ರಾಣವನ್ನೇ ಕಳೆದುಕೊಂಡ ಸುದ್ದಿಗಳು ಆ ವರ್ಷ ಬೀದರ ಜಿಲ್ಲೆಯಿಂದ ಬಂದಾಗ ನಾಡೆಲ್ಲ ತಲ್ಲಣಿಸಿತು. ಬೇವಿನ ಬೀಜದ ಕಷಾಯವಾಗಲಿ, ಹುಳುವಿಗೇ ರೋಗ ತಗುಲಿಸುವ ಎನ್.ಪಿ.ವಿ. ನಂಜಾಣುವಾಗಲಿ ಆಗ ವಿಜ್ಞಾನಿಗಳಿಗೆ ತಿಳಿಯದ ಸಂಗತಿಗಳಾಗಿರಲಿಲ್ಲ. ಐದು ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯೆಲ್ಲ ನೆನೆಹಾಕಿ, ಸೋಸಿ, ನೂರು ಲೀಟರು ನೀರಿಗೆ ಬೆರೆಸುವುದು ಯಾವ ಮನೆಗೆ ಅಸಾಧ್ಯ? ತಿಳಿದ ವಿಷಯವು ತಿಳಿಯಬೇಕಾದವರಿಗೆ ಸಕಾಲಕ್ಕೆ ಮುಟ್ಟಲಿಲ್ಲವಲ್ಲ ಎಂಬುದೇ ನಮ್ಮ ಕೊರಗು.

ಇದೇ ಪ್ರಸಂಗದಲ್ಲಿ ಇನ್ನೊಂದು ಸಂಗತಿಯೂ ಉಂಟು. ತೊಗರಿ ಗಿಡಗಳನ್ನು ಮೆಲ್ಲನೆ ಅಲ್ಲಾಡಿಸಿ, ಉದುರಿದ ಹುಳುಗಳನ್ನು ಹಾಸಿನ ಮೇಲೆ ಹಿಡಿದು ನಾಶಮಾಡುವುದು ರೈತರ ಹಳೆಯ ರೂಢಿ. ಔಷಧಗಳು ಬಂದ ಮೇಲೆ ಅದು ಮೂಲೆಗೆ ಬಿದ್ದಿತ್ತು. ಆ ಸಂಕಟದ ತರುವಾಯ ವಿಜ್ಞಾನಿಗಳೇ ಅದನ್ನು ಹೊಲಗಳಲ್ಲಿ ಪರೀಕ್ಷಿಸಿ, ಫಲಕಾರಿಯೆಂದು ಕಂಡು, ಮತ್ತೆ ರೈತರಿಗೆ ಹೇಳತೊಡಗಿದರು. ಹಿಡಿದ ಹುಳುಗಳಿಂದಲೇ ಎನ್.ಪಿ.ವಿ. ದ್ರಾವಣ ತಯಾರಿಸಲೂ ಬರುತ್ತದೆ. ವಿಶ್ವವಿದ್ಯಾಲಯದವರು ಈ ಕೆಲಸವನ್ನು ‘ವಿಸ್ತರಣೆ’ ಎನ್ನುತ್ತಾರೆ. ಮೇಲಿನಿಂದ ಕೆಳಕ್ಕೆ ಚಾಚುವ ಧ್ವನಿಯುಳ್ಳ ಆ ಪದ ನಮಗೇಕೋ ಒಗ್ಗದು. ಕಲ್ಯಾಣದ ಮಣ್ಣಿನಲ್ಲಿ ಅರಿವು ಹುಟ್ಟಿದ್ದು ಕೂಡಿ ಕುಳಿತು ಆಡಿದ ಮಾತಿನಿಂದ, ಅದೂ ಜನರ ಆಡುನುಡಿಯಲ್ಲಿ.

ಬೀಜದ ಮಾತಿಗೆ ಬರೋಣ. ಹುಮನಾಬಾದಿನ ಮೂಲಕ ಹಾಯ್ದು ಹೋಗುವ ಸೊಲ್ಲಾಪುರ-ಹೈದರಾಬಾದು ಹೆದ್ದಾರಿಯ ಮೇಲೆಯೇ, ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಆಯ್ಕೆಗೊಂಡ ‘ಮಾರುತಿ’ ತೊಗರಿಯು ನೆಟೆ ರೋಗವನ್ನು ತಡೆಯುತ್ತದೆ. 1980ರ ದಶಕದ ನಡುಭಾಗದಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ಈ ತಳಿ ರೈತನಿಂದ ರೈತನಿಗೆ, ಬೀಗರಿಂದ ಬೀಗರಿಗೆ ಸಾಗಿ ಕೆಲವೇ ವರ್ಷಗಳಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಹಬ್ಬಿತು. ಆದರೆ ಮಾರುತಿಯು ಗೊಡ್ಡು ರೋಗಕ್ಕೆ ಬೇಗ ಬಲಿಯಾಗುತ್ತದೆ. ಗೊಡ್ಡು ಬಿದ್ದ ಗಿಡವನ್ನು ಎಳೆಯದರಲ್ಲೇ ಕಿತ್ತು ಹಾಕಬೇಕು. ಬೀಜದೊಡನೆ ಈ ಮಾತೂ ಕೈ ಬದಲಿಸಬೇಕಲ್ಲವೆ? ಬೀಜದ ಗಂಟಿನಲ್ಲಿ ಮಾತನ್ನು ಕಟ್ಟಿಕೊಡಲು ಬಾರದು, ಹೇಳುವವರೇ ಬೇಕು.

ಈಗ ಮನೆಯೊಳಕ್ಕೆ ಬರೋಣ. ಪ್ರತಿ ಕಿಲೋ ತೊಗರಿ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಲೇಪಿಸಿ ನೆರಳಲ್ಲಿ ಆರಿಸಬೇಕೆಂದು ವಿಶ್ವವಿದ್ಯಾಲಯ ಹೇಳುತ್ತದೆ. ಬೀಜವನ್ನು ಹಸನು ಮಾಡುವವರು, ಬೇವಿನ ಸೊಪ್ಪು ಹಾಕಿ ಕಾಪಿಡುವವರು, ಬಿತ್ತುವ ಮುಂಜಾನೆ ಅಳೆದು ಕೊಡುವವರು ನಮ್ಮ ತಾಯಂದಿರು. ತರಬೇತಿಗೆ ಹೋಗುವವರು ಮಾತ್ರ ಯಜಮಾನರು! ಅವರು ಕರಪತ್ರವನ್ನು ಮಡಚಿ ಜೇಬಿಗಿಟ್ಟು ತಂದು ಗೂಟದ ಅಂಗಿಯಲ್ಲೇ ಮರೆಯುತ್ತಾರೆ. ಅಕ್ಕ-ತಂಗಿಯರು ಕೂಡುವ ಜಾಗದಲ್ಲಿ, ಅವರ ಮಾತಿನಲ್ಲಿ, ಕೈಯಿಂದ ಕಲೆಸಿ ತೋರಿಸಿದರೆ ಅರ್ಧ ತಾಸಿನ ಕೆಲಸವದು.

2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಹೊಲಗಳ ಮಣ್ಣನ್ನು ಪರೀಕ್ಷಿಸಿ, ಗಂಧಕ, ಸತು, ಬೋರಾನುಗಳ ಕೊರತೆಯನ್ನು ಊರಿನ ಗೋಡೆಗಳ ಮೇಲೆಯೇ ಬರೆಸಿದ್ದರು. ಊರಿನ ರೈತನನ್ನೇ ಅನುವುಗಾರನನ್ನಾಗಿ ಮಾಡಿದ್ದರು. ಅದು ನಮಗೆ ಮೆಚ್ಚುಗೆಯಾದ ಕ್ರಮ. ನಮ್ಮ ಮಠಗಳೂ ಹಿಂದುಳಿದಿಲ್ಲ. ಸುತ್ತೂರಿನಲ್ಲಿ ಜೆ.ಎಸ್.ಎಸ್. ಸಂಸ್ಥೆಯೂ, ದಾವಣಗೆರೆಯಲ್ಲಿ ತರಳಬಾಳು ಸಂಸ್ಥೆಯೂ ಕೃಷಿ ವಿಜ್ಞಾನ ಕೇಂದ್ರಗಳನ್ನು ನಡೆಸುತ್ತಿವೆ. ಸುತ್ತೂರಿನ ಜಾತ್ರೆಗೆ ಬಂದ ಭಕ್ತರು ಕೃಷಿ ಮೇಳವನ್ನೂ ಕಂಡು ಹೋಗುತ್ತಾರೆ. ಕಲ್ಯಾಣ ಸೀಮೆಯ ಜಾತ್ರೆಗಳಲ್ಲಿಯೂ ದಾಸೋಹದ ಪಂಕ್ತಿಯ ಪಕ್ಕದಲ್ಲಿ ಜನವಾಡದವರಿಗೊಂದು ಚಪ್ಪರ ಹಾಕಿಸುವುದು ದೊಡ್ಡ ಖರ್ಚಿನ ಬಾಬಲ್ಲ.

ಹೋಗಲಾಗದವರು 1800-180-1551 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಕೇಳಬಹುದು. ಈ ಕಿಸಾನ್ ಕಾಲ್ ಸೆಂಟರ್ 2004ರಿಂದ ನಡೆಯುತ್ತಿದೆ, ಕರೆಗೆ ಹಣವಿಲ್ಲ.

ಎಳ್ಳ ಅಮಾವಾಸ್ಯೆಯಂದು ಭಜ್ಜಿ, ಸಜ್ಜೆಯ ರೊಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಆ ಹೊತ್ತಿಗೆ ತೊಗರಿ ರಾಶಿಗೆ ಬಂದಿರುತ್ತದೆ. ಚರಗ ಚೆಲ್ಲಿ, ಉಂಡು, ಮರಳುವ ಮುನ್ನ ತೂತು ಬಿದ್ದ ಕಾಯಿಗಳನ್ನು ಹುಡುಗರ ಕೈಯಿಂದ ಒಂದು ಹಿಡಿ ಕೀಳಿಸಿರಿ. ಬುತ್ತಿಯ ಅರಿವೆಯಲ್ಲಿಯೇ ಅವನ್ನು ಕಟ್ಟಿಕೊಂಡು ಮರುವಾರ ಗಂಡ-ಹೆಂಡತಿ ಕೂಡಿಯೇ ಜನವಾಡಕ್ಕೆ ಹೋಗಿ, ಮೇಜಿನ ಮೇಲೆ ಬಿಚ್ಚಿ, ‘ಇದಕ್ಕೇನು ಮಾಡಬೇಕು, ಹೇಳಿರಿ’ ಎಂದು ಕೇಳಿರಿ.