ಶಾಂತ ವೇಳೆಯ ಕಲಿಕೆ: ಕೂಸಿನ ಮನೆ ಹಾಗೂ ಅಂಗನವಾಡಿಗಳಿಗೆ ಊರಿನಲ್ಲೇ ಸಿದ್ಧವಾಗುವ ಆಟಿಕೆಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಗಮನಕ್ಕೆ.

ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಹೊಸ ಸಂಗತಿಯಲ್ಲ. ಅಂತಹ ದಿನಗಳಲ್ಲಿ ಮಧ್ಯಾಹ್ನ ಮಕ್ಕಳನ್ನು ಅಂಗಳಕ್ಕೆ ಬಿಡುವಂತಿಲ್ಲ. ತೊಗರಿ ರಾಶಿಯ ಕಾಲದಲ್ಲಿ ತಾಯಂದಿರು ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿರುತ್ತಾರೆ. ಉಳಿದ ದಿನಗಳಲ್ಲಿ ಉದ್ಯೋಗ ಖಾತರಿ ಕಾಮಗಾರಿಗೋ ಕಲಬುರಗಿ ನಗರದ ಕೂಲಿ ಕೆಲಸಕ್ಕೋ ಹೋಗುತ್ತಾರೆ. ಊಟವಾದ ಮೇಲೆ ನಿದ್ದೆ ಬಾರದ ಮಗು ಆ ಎರಡು ಮೂರು ಗಂಟೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಇಂದು ಬಹುತೇಕ ಮನೆಗಳಲ್ಲಿ ಸಿಗುವ ಸುಲಭದ ಉತ್ತರ ಮೊಬೈಲ್ ಫೋನು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯ ಮುಂದಿನ ಕಾಲ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳಿತು. ಫೋನಿನ ಬದಲಿಗೆ ಮಗುವಿನ ಕೈಗೆ ಏನನ್ನು ಕೊಡಬಹುದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯ ಪಂಚಾಯಿತಿಗೆ ಏಕೆ ಸಂಬಂಧಿಸಿದ್ದು?

ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ‘ಕೂಸಿನ ಮನೆ’ ಯೋಜನೆಯು 2023-24ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಿತವಾಗಿ, 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವ ಗುರಿಯೊಂದಿಗೆ ಆರಂಭವಾಯಿತು. ಅಂಗನವಾಡಿಗಳ ಇತಿಹಾಸ ಇನ್ನೂ ಹಳೆಯದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಪ್ರಾರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಜಾರಿಗೆ ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಪೌಷ್ಟಿಕ ಆಹಾರದೊಂದಿಗೆ ಶಾಲಾಪೂರ್ವ ಶಿಕ್ಷಣವೂ ಮೊದಲಿನಿಂದಲೇ ಅದರ ಅಂಗವಾಗಿತ್ತು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ‘ನವಚೇತನ’ ಎಂಬ ಚೌಕಟ್ಟನ್ನೂ, ಮೂರರಿಂದ ಆರು ವರ್ಷದವರಿಗೆ ‘ಆಧಾರಶಿಲಾ’ ಎಂಬ ಪಠ್ಯಕ್ರಮವನ್ನೂ 2024ರಲ್ಲಿ ಹೊರತಂದಿದೆ. ಎರಡೂ ಆಟದ ಮೂಲಕ ಕಲಿಕೆಯನ್ನೇ ಒತ್ತಿ ಹೇಳುತ್ತವೆ. ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಗ್ರಾಮ ಮಟ್ಟಕ್ಕೆ ಇಳಿಸಿದ ಒಂಬತ್ತು ವಿಷಯಗಳಲ್ಲಿ ‘ಮಕ್ಕಳ ಸ್ನೇಹಿ ಗ್ರಾಮ’ವೂ ಒಂದು. ಆದುದರಿಂದ ಇದನ್ನು ಅನ್ಯ ಇಲಾಖೆಯ ಕೆಲಸವೆಂದು ಬದಿಗಿಡುವಂತಿಲ್ಲ.

ಶಾಂತ ವೇಳೆ ಎಂದರೇನು?

ಮಗುವನ್ನು ಗದರಿಸಿ ಕೂರಿಸುವುದು ಶಾಂತ ವೇಳೆಯಲ್ಲ. ಅದು ಶಿಕ್ಷೆಯೂ ಅಲ್ಲ. ಓಡಾಟದ ಆಟ ಮುಗಿದ ಬಳಿಕ, ನೆರಳಿನಲ್ಲಿ, ತನ್ನ ಚಾಪೆಯ ಮೇಲೆ ಕುಳಿತು, ತಾನೇ ಆರಿಸಿಕೊಂಡ ಒಂದು ವಸ್ತುವಿನೊಡನೆ ಮಗು ತನ್ನ ಗತಿಯಲ್ಲಿ ತೊಡಗುವ ಅವಧಿಗೆ ಈ ಹೆಸರು. ಗುಂಡಿ ಹಾಕುವ, ಜೋಡಿಸುವ, ಪೋಣಿಸುವ ಕೆಲಸದಲ್ಲಿ ಬೆರಳುಗಳು ಬಲಗೊಳ್ಳುತ್ತವೆ. ಮುಂದೆ ಬಳಪ ಹಿಡಿಯುವುದಕ್ಕೆ ಬೇಕಾದದ್ದು ಇದೇ ಬಲ. ಆರಂಭಿಸಿದ್ದನ್ನು ಮುಗಿಸುವ, ತಪ್ಪಿದರೆ ಮತ್ತೆ ಯತ್ನಿಸುವ ಅಭ್ಯಾಸವೂ ಇಲ್ಲಿಯೇ ಬೇರೂರುತ್ತದೆ. ಮೂರು ವರ್ಷದ ಮಗು ಐದಾರು ನಿಮಿಷದಲ್ಲೇ ಎದ್ದುಬಿಡಬಹುದು. ಐದು ವರ್ಷದ ಮಗು ಕಾಲು ಗಂಟೆ ಕುಳಿತೀತು. ನಿದ್ದೆ ಬಂದ ಮಗುವನ್ನು ಆಟಕ್ಕಾಗಿ ಎಬ್ಬಿಸಬಾರದು. ಮೂರು ನಾಲ್ಕು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆಯ ನಿದ್ರೆ ಅಗತ್ಯ.

ಊರಿನಲ್ಲೇ ಮಾಡಬಹುದಾದ ಐದು ಸಾಮಗ್ರಿಗಳು

1. ಕೌದಿ ಪುಸ್ತಕ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ಕೈಗಳು ನಮ್ಮ ಪ್ರತಿ ಊರಿನಲ್ಲೂ ಇವೆ. ಅದೇ ಹೊಲಿಗೆಯಲ್ಲಿ ಒಂದು ಗೇಣು ಉದ್ದ, ಒಂದು ಗೇಣು ಅಗಲದ ಆರು ಪುಟಗಳನ್ನು ಸಿದ್ಧಪಡಿಸಿ ಬೆನ್ನಿಗೆ ಸೇರಿಸಿ ಹೊಲಿದರೆ ಪುಸ್ತಕವಾಯಿತು. ಒಂದು ಪುಟದಲ್ಲಿ ಮುಚ್ಚಿ ತೆರೆಯುವ ಬಾಗಿಲು, ಅದರ ಹಿಂದೆ ಬೆಕ್ಕಿನ ಮುಖ, ಇನ್ನೊಂದರಲ್ಲಿ ಜೇಬು, ಮತ್ತೊಂದರಲ್ಲಿ ಮುಟ್ಟಿ ನೋಡಲು ಗೋಣಿತಟ್ಟು, ಕಂಬಳಿ, ರೇಷ್ಮೆ ಅಂಚಿನ ತುಂಡುಗಳು. ಕಮಲಾಪುರದ ಕೆಂಪು ಬಾಳೆಹಣ್ಣನ್ನೂ ಸಾಮಾನ್ಯ ಹಳದಿ ಬಾಳೆಹಣ್ಣನ್ನೂ ಬಟ್ಟೆಯಲ್ಲಿ ಕತ್ತರಿಸಿಟ್ಟು, ಬಣ್ಣಕ್ಕೆ ತಕ್ಕ ಜೇಬಿನಲ್ಲಿ ಇಡಿಸಬಹುದು. ದೊಡ್ಡ ಗುಂಡಿಯ ಪುಟ ಮೂರು ವರ್ಷ ತುಂಬಿದವರಿಗೆ ಮಾತ್ರ. ಈ ಪುಸ್ತಕವನ್ನು ಒಗೆದು ಬಿಸಿಲಿಗೆ ಹಾಕಬಹುದೆಂಬುದೇ ಇದರ ದೊಡ್ಡ ಅನುಕೂಲ.

2. ಕಿವಿಯ ಜೋಡಿ. ಒಂದೇ ಅಳತೆಯ ಆರು ಸಣ್ಣ ಪ್ಲಾಸ್ಟಿಕ್ ಬಾಟಲಿಗಳನ್ನು ತೆಗೆದುಕೊಂಡು ಎರಡರಲ್ಲಿ ತೊಗರಿ, ಎರಡರಲ್ಲಿ ಜೋಳ, ಎರಡರಲ್ಲಿ ಹರಳುಗಲ್ಲು ತುಂಬಿ, ಮುಚ್ಚಳವನ್ನು ಗಟ್ಟಿ ಅಂಟಿನಿಂದ ಭದ್ರಪಡಿಸಿ, ಇಡೀ ಬಾಟಲಿಗೆ ಬಟ್ಟೆಯ ಕವಚ ಹೊಲಿಯಬೇಕು. ಮಗು ಅಲುಗಿಸಿ, ಆಲಿಸಿ, ಒಂದೇ ಸದ್ದಿನ ಜೋಡಿಯನ್ನು ಹುಡುಕುತ್ತದೆ. ಉಳಿದವರು ಸುಮ್ಮನಿದ್ದರೆ ಮಾತ್ರ ಈ ಆಟ ಸಾಗುವುದರಿಂದ ಮೌನವನ್ನು ಯಾರೂ ಹೇರಬೇಕಾಗುವುದಿಲ್ಲ.

3. ಕಥೆಯ ಚೀಟಿಗಳು. ಲಗ್ನಪತ್ರಿಕೆಯ ದಪ್ಪ ಕಾಗದದ ಖಾಲಿ ಬದಿಯಲ್ಲಿ ನಾಲ್ಕು ಚಿತ್ರ: ತೊಗರಿ ಬಿತ್ತನೆ, ಹೂಬಿಟ್ಟ ಗಿಡ, ರಾಶಿ, ತಟ್ಟೆಯಲ್ಲಿನ ಬೇಳೆ. ಮಗು ಇವನ್ನು ಕ್ರಮವಾಗಿ ಇಟ್ಟು ಕಥೆ ಹೇಳಬೇಕು. ಮನೆಯಲ್ಲಿ ಲಂಬಾಣಿ ಅಥವಾ ದಖನಿ ಉರ್ದು ಆಡುವ ಮಗು ಮೊದಲು ತನ್ನ ಮಾತಿನಲ್ಲೇ ಹೇಳಲಿ. ಕನ್ನಡದ ಹೆಸರನ್ನು ಕಾರ್ಯಕರ್ತೆ ಅನಂತರ ಜೊತೆಗೂಡಿಸಲಿ. ಮನೆಮಾತನ್ನು ತಡೆದರೆ ಮಗು ಮಾತನ್ನೇ ನಿಲ್ಲಿಸೀತು.

4. ಎರೆಮಣ್ಣು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣು ವರ್ಷವಿಡೀ ಕೆಲಸಕ್ಕೆ ಬರುತ್ತದೆ. ಔಷಧ ಸಿಂಪಡಿಸದ ಜಾಗದಿಂದ ತಂದು, ಕಲ್ಲು, ಗಾಜು, ಮುಳ್ಳು ಆರಿಸಿ, ಹದವಾಗಿ ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಉಂಡೆ, ಬತ್ತಿ, ರೊಟ್ಟಿ ಮಾಡುತ್ತಲೇ ಮಗು ದುಂಡು, ಉದ್ದ, ಚಪ್ಪಟೆ ಎಂಬ ಆಕಾರಗಳನ್ನು ಅರಿಯುತ್ತದೆ. ಆಟದ ಬಳಿಕ ಸಾಬೂನಿನಿಂದ ಕೈ ತೊಳೆಸುವುದು ಕಡ್ಡಾಯ.

5. ಜೋಳದ ದಂಟು. ದಂಟಿನ ಬೆಂಡಿನಲ್ಲಿ ಬಂಡಿ ಮಾಡುವುದು ಹಿರಿಯರಿಗೆಲ್ಲ ಗೊತ್ತು. ಆದರೆ ದಂಟಿನ ಸಿಪ್ಪೆ ಬೆರಳು ಕೊಯ್ಯುತ್ತದೆ; ಸುಲಿಯುವುದನ್ನು ದೊಡ್ಡವರೇ ಮಾಡಬೇಕು. ಐದು ವರ್ಷ ದಾಟಿದ ಮಕ್ಕಳಿಗೆ ಬೆಂಡಿನ ತುಂಡುಗಳನ್ನಷ್ಟೇ ಕೊಟ್ಟು ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ಇಡಿಸಬಹುದು, ಎಣಿಸಬಹುದು.

ಸುರಕ್ಷತೆ: ರಾಜಿಯಿಲ್ಲದ ನಿಯಮಗಳು

ಮೇಲಿನ ಸಾಮಗ್ರಿಗಳಿಗೆ ಖರ್ಚು ಕಡಿಮೆ, ಅಪಾಯವೂ ಕಡಿಮೆ. ಆದರೆ ಅಜಾಗರೂಕತೆಗೆ ಅವಕಾಶವಿಲ್ಲ. ಮೂರು ವರ್ಷದೊಳಗಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಡುತ್ತದೆ. ತೊಗರಿ, ಕಡಲೆ, ಶೇಂಗಾ, ಹುಣಸೆಬೀಜ ಶ್ವಾಸನಾಳಕ್ಕೆ ಸಿಕ್ಕಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ. ಆದುದರಿಂದ 4 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಕೂಸಿನ ಮನೆಯ ಆಟದ ಪೆಟ್ಟಿಗೆಯಲ್ಲಿ ಇರಕೂಡದು. ಬೀಜಗಳನ್ನು ವಿಂಗಡಿಸುವ ಆಟ ದೊಡ್ಡ ಮಕ್ಕಳಿಗೆ ಮಾತ್ರ, ಅದೂ ಕಾರ್ಯಕರ್ತೆಯ ಕಣ್ಣೆದುರಿನಲ್ಲಿ ಮಾತ್ರ. ಗುಲಗಂಜಿ, ಔಡಲ, ದತ್ತೂರಿ ಬೀಜಗಳು ವಿಷಕಾರಿ; ನೋಡಲು ಅಂದವಾಗಿವೆಯೆಂದು ಅವನ್ನು ಎಂದೂ ಬಳಸಬಾರದು. ದಾರ, ಲಾಡಿ ಒಂದು ಗೇಣಿಗಿಂತ ಉದ್ದವಿರಬಾರದು, ಕುತ್ತಿಗೆಗೆ ಸುತ್ತಿಕೊಂಡೀತು. ಪ್ಲಾಸ್ಟಿಕ್ ಚೀಲ, ಬಿಲ್ಲೆಯಾಕಾರದ ಬ್ಯಾಟರಿ, ಕೀಟನಾಶಕದ ಖಾಲಿ ಡಬ್ಬಿ ಕೇಂದ್ರದ ಒಳಗೇ ಬರಬಾರದು. ಬಾಟಲಿಯ ಕವಚ, ಗುಂಡಿಯ ಹೊಲಿಗೆಗಳನ್ನು ವಾರಕ್ಕೊಮ್ಮೆ ಎಳೆದು ಪರೀಕ್ಷಿಸಬೇಕು. ಸಡಿಲವಾದದ್ದನ್ನು ಅಂದೇ ತೆಗೆದಿಡಬೇಕು.

ಆಟವೇ ತೋರಿಸುವ ಸೂಚನೆ

ಸುಮ್ಮನೆ ಕೂರುವ ಮಗುವನ್ನು ಜಾಣ ಮಗುವೆಂದು ಹೊಗಳುವುದು ನಮ್ಮ ರೂಢಿ. ಆದರೆ ಬಾಟಲಿಯ ಸದ್ದಿಗೆ ತಿರುಗದ, ಹೆಸರು ಹಿಡಿದು ಕರೆದರೂ ನೋಡದ, ವಸ್ತುವನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುವ ಮಗುವಿನ ಮೌನಕ್ಕೆ ಬೇರೆ ಕಾರಣವಿರಬಹುದು. ಕಿವುಡುತನವನ್ನು ಎಷ್ಟು ಬೇಗ ಗುರುತಿಸುತ್ತೇವೆಯೋ ಮಾತು ಕಲಿಯುವ ಸಾಧ್ಯತೆ ಅಷ್ಟು ಹೆಚ್ಚು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡವು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡಬೇಕಿದೆ. ತಂಡ ಬಂದ ದಿನ ಇಂತಹ ಮಕ್ಕಳು ತಪ್ಪದೆ ಹಾಜರಿರುವಂತೆ ನೋಡಿಕೊಳ್ಳುವುದು, ಅದಕ್ಕೂ ಮುನ್ನವೇ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಸದಸ್ಯರಿಂದ ಆಗಬಹುದಾದ ಬಹುದೊಡ್ಡ ಉಪಕಾರ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದಾಗಿ, ಸಂಜೀವಿನಿ ಒಕ್ಕೂಟದ ಹಾಗೂ ಸ್ವಸಹಾಯ ಸಂಘಗಳ ಹೊಲಿಗೆ ಬಲ್ಲ ಮಹಿಳೆಯರನ್ನು, ಕೂಸಿನ ಮನೆಯ ಪಾಲಕಿಯರನ್ನು, ಅಂಗನವಾಡಿ ಕಾರ್ಯಕರ್ತೆಯರನ್ನು ಒಂದು ದಿನ ಒಟ್ಟಿಗೆ ಕೂರಿಸಿ ಸಾಮಗ್ರಿ ತಯಾರಿಸುವ ಏರ್ಪಾಡು ಮಾಡಬಹುದು. ಬಟ್ಟೆಯ ಚೂರುಗಳಿಗಾಗಿ ನಗರದ ಅಥವಾ ಕಮಲಾಪುರದ ದರ್ಜಿಯವರನ್ನು ಕೇಳಿದರೆ ಸಾಕು. ಅವರ ಅಂಗಡಿಯಲ್ಲಿ ಕಸವಾಗುವುದು ಇಲ್ಲಿ ಪುಸ್ತಕವಾಗುತ್ತದೆ. ಎರಡನೆಯದಾಗಿ, ಕಥೆಯ ಚೀಟಿ, ಕೌದಿ ಪುಸ್ತಕಗಳ ಒಂದು ಜೊತೆಯನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿಯೂ ಇರಿಸಿ, ತಾಯಂದಿರು ಮನೆಗೆ ಒಯ್ದು ಮರಳಿಸುವಂತೆ ಮಾಡಬಹುದು. ಮೂರನೆಯದಾಗಿ, ನೆರಳು, ಗಾಳಿ, ಕುಡಿಯುವ ನೀರು, ಚಾಪೆ ಇವುಗಳ ಕೊರತೆಯನ್ನು ಬೇಸಿಗೆಗೆ ಮೊದಲೇ ಗುರುತಿಸಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬೇಕು. ತಗಡಿನ ಮಾಡಿನ ಕೆಳಗೆ ಕಾದ ನೆಲದ ಮೇಲೆ ಯಾವ ಮಗುವೂ ಶಾಂತವಾಗಿ ಕೂರದು.

ಕೊನೆಯದಾಗಿ ಒಂದು ಮಾತು. ಕೇಂದ್ರಕ್ಕೆ ಭೇಟಿ ಕೊಟ್ಟಾಗ ಆಟಿಕೆಗಳು ಎಷ್ಟು ಹೊಸದಾಗಿವೆ ಎಂದು ನೋಡದೆ, ಎಷ್ಟು ಸವೆದಿವೆ ಎಂದು ನೋಡಬೇಕೆಂದು ವಿನಂತಿ. ಲೆಕ್ಕಕ್ಕೆ ಕಡಿಮೆಯಾದೀತೆಂದು ಕಪಾಟಿನಲ್ಲಿ ಬೀಗ ಹಾಕಿಟ್ಟ ಆಟಿಕೆಯಿಂದ ಯಾವ ಮಗುವೂ ಏನನ್ನೂ ಕಲಿಯದು. ಹರಿದ ಕೌದಿ ಪುಸ್ತಕಕ್ಕಾಗಿ ಕಾರ್ಯಕರ್ತೆಯನ್ನು ಪ್ರಶ್ನಿಸಬೇಕಾಗಿಲ್ಲ. ಇನ್ನೊಂದನ್ನು ಹೊಲಿಯಲು ಬಟ್ಟೆ ಒದಗಿಸಿದರಾಯಿತು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ತಮ್ಮ ವ್ಯಾಪ್ತಿಯ ಒಂದು ಕೇಂದ್ರದಲ್ಲಾದರೂ ಈ ಕಾರ್ಯವನ್ನು ಆರಂಭಿಸಬೇಕೆಂದು ಕೋರಲಾಗಿದೆ.