ಹವ್ಯಾಸಿಯ ಕೈಯಲ್ಲಿ ಕೆಂಪು ಲೇಸರ್

1960ರಲ್ಲಿ ಅಮೆರಿಕದ ವಿಜ್ಞಾನಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಹೊಮ್ಮಿಸಿದ ರಕ್ತವರ್ಣದ ಕಿರಣವು ಜಗತ್ತಿನ ಪ್ರಥಮ ಲೇಸರ್ ಎನಿಸಿಕೊಂಡಿತು. ಅದರ ವಂಶಕ್ಕೆ ಸೇರಿದ ಕಿರಣವೇ ಇಂದು ಲೇಖನಿಯಷ್ಟು ಗಾತ್ರದ ಕೊಳವೆಯೊಳಗೆ ಅಡಗಿ, ಹವ್ಯಾಸಿಗಳ ಜೇಬನ್ನು ಸೇರಿದೆ.

ಕೊಳ್ಳುವಾಗ ಮೈಮೇಲಿನ ಎಚ್ಚರಿಕೆಯ ಚೀಟಿಯನ್ನು ಮೊದಲು ಓದತಕ್ಕದ್ದು. ‘ಕ್ಲಾಸ್ 2’ ಎಂದಿದ್ದರೆ ಶಕ್ತಿಯು 1 ಮಿಲಿವ್ಯಾಟನ್ನು ಮೀರದು. ಅಕಸ್ಮಾತ್ತಾಗಿ ಕಣ್ಣಿಗೆ ತಾಗಿದರೂ, ಕಾಲು ಸೆಕೆಂಡಿನೊಳಗೆ ತಾನಾಗಿ ಮುಚ್ಚಿಕೊಳ್ಳುವ ರೆಪ್ಪೆಯೇ ರಕ್ಷಣೆ. ‘3ಆರ್’ ಎಂದರೆ 5 ಮಿಲಿವ್ಯಾಟಿನವರೆಗೆ. ಮನೆಯ ಪ್ರಯೋಗಗಳಿಗೆ ಮೊದಲನೆಯದೇ ಧಾರಾಳವಾಯಿತು. ಚೀಟಿಯೇ ಇಲ್ಲದ್ದನ್ನು, ಎಷ್ಟೇ ಅಗ್ಗವಾಗಿರಲಿ, ಕೊಳ್ಳಲಾಗದು. ಮಾನವನೇತ್ರವು 650 ನ್ಯಾನೋಮೀಟರಿಗಿಂತ 635 ನ್ಯಾನೋಮೀಟರಿನ ಕೆಂಪನ್ನು ಸುಲಭವಾಗಿ ಗ್ರಹಿಸುವುದರಿಂದ, ಶಕ್ತಿ ಸಮನಾಗಿದ್ದರೂ ಅದರ ಚುಕ್ಕಿಯೇ ಹೆಚ್ಚು ಉಜ್ಜ್ವಲವಾಗಿ ತೋರುವುದು.

ಇನ್ನು ಪ್ರಯೋಗ. ಒಂದು ತಲೆಗೂದಲನ್ನು ಲೇಸರಿನ ಬಾಯಿಗೆ ಅಡ್ಡಲಾಗಿ ಅಂಟಿಸಿ, ಕತ್ತಲ ಕೋಣೆಯಲ್ಲಿ 2 ಮೀಟರ್ ದೂರದ ಗೋಡೆಯತ್ತ ಹಾಯಿಸಿದರೆ, ಚುಕ್ಕಿಯ ಇಕ್ಕೆಲಗಳಲ್ಲಿಯೂ ಬೆಳಕು ಕತ್ತಲೆಗಳ ಪಟ್ಟೆಗಳು ಸಾಲಾಗಿ ಮೂಡುವುವು. ಒಂದೇ ಪಕ್ಕದ ಎರಡು ನೆರೆಯ ಕತ್ತಲೆಪಟ್ಟೆಗಳ ಅಂತರವನ್ನು ಅಳೆದು, ತರಂಗಾಂತರವನ್ನು ಗೋಡೆಯ ದೂರದಿಂದ ಗುಣಿಸಿ, ಆ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ ದೊರೆಯುವುದು: 650 ನ್ಯಾನೋಮೀಟರಿನ ಕಿರಣಕ್ಕೆ ಅಂತರವು 2 ಸೆಂಟಿಮೀಟರ್ ಆದಲ್ಲಿ, ಕೂದಲು 65 ಮೈಕ್ರೋಮೀಟರ್!

ಯಾರ ಮುಖದತ್ತಲೂ, ಕನ್ನಡಿಯತ್ತಲೂ, ಓಡುವ ವಾಹನ ಹಾರುವ ವಿಮಾನಗಳತ್ತಲೂ ಕಿರಣವನ್ನು ಎಂದಿಗೂ ಹಾಯಿಸಕೂಡದು. ಕೆಲಸ ಮುಗಿದೊಡನೆ ಬ್ಯಾಟರಿ ತೆಗೆದು, ಮಕ್ಕಳ ಕೈಗೆ ನಿಲುಕದಂತೆ ಇರಿಸತಕ್ಕದ್ದು.